ಚಿಟ್ಟೆ ಬಂದ್ರ ಏಳು, ಆಮೆ ಬಂದ್ರ ಕುಂದ್ರು: ಕೂಸಿನ ಮಾತು ಕೇಳೋರು ಯಾರು?

ಭಾಗ 1/8

ಹೋದ ತಿಂಗಳು ನಾನೊಂದು ರೀಲ್ ಹಾಕಿದ್ದೆ, ನೆನಪೈತಾ? ನನ್ನ ಅಕ್ಕನ ಮಗಳು, ಮೂರೂವರೆ ವರ್ಷದ ಕೂಸು, ಮನಿ ಕಟ್ಟಿ ಮ್ಯಾಲ ಕುಂತು ಫೋನಿನ ಜೋಡಿ ಮಾತಾಡೋದು. ನಿಮ್ಮಲ್ಲಿ ಎಷ್ಟೋ ಮಂದಿ ನಗೋ ಇಮೋಜಿ ಹಾಕಿದ್ರಿ. "ಎಂಥಾ ಶಾಣೇ ಕೂಸಲೇ" ಅಂದ್ರಿ. ನಮ್ಮ ಕ್ಲಾಸಿನವರಂತೂ ಕ್ಯಾಂಟೀನಿನಾಗ ಮತ್ತ ಮತ್ತ ಹಚ್ಚಿ ನೋಡಿದ್ರಿ. ನನಗೂ ಖುಷಿ ಆಗಿತ್ತು, ಸುಳ್ಳು ಹೇಳಲ್ಲ. ನನ್ನ ಅಕೌಂಟಿಗೆ ಅಷ್ಟು ವ್ಯೂಸ್ ಬಂದಿದ್ದು ಅದೇ ಮೊದಲು.

ಈಗ ಆ ರೀಲ್ ಇಲ್ಲ, ಡಿಲೀಟ್ ಮಾಡೀನಿ. ಯಾಕ ಅಂತ ಮೆಸೇಜ್ ಮಾಡಿ ಕೇಳಿದವರಿಗೆಲ್ಲ ಈ ಎಂಟು ಪೋಸ್ಟು ಉತ್ತರ.

ಅದರಾಗ ಏನಿತ್ತು ಅಂತ ಸರಿಯಾಗಿ ನೆನಪು ಮಾಡಿಕೊಳ್ರಿ. ಫೋನಿನಾಗ ಒಂದು ಕಾರ್ಟೂನ್ ಮೊಲ ಹಾಡ್ಕೊಂತ ಕುಣೀತಿರ್ತೈತಿ. ನಡುವ ನಿಂತು, "ನಿನ್ನ ಹೆಸರೇನು ಪುಟ್ಟಾ?" ಅಂತ ಕೇಳ್ತೈತಿ. ಎರಡು ಸೆಕೆಂಡು ಸುಮ್ಮನಾಗ್ತೈತಿ. ಕೂಸು ಹೆಸರು ಹೇಳಾಕ ಬಾಯಿ ತೆಗೆದು ಇನ್ನೂ ಮುಗಿಸಿರಂಗಿಲ್ಲ, ಮೊಲ "ವಾವ್, ಎಷ್ಟು ಚೆಂದದ ಹೆಸರು!" ಅಂತೈತಿ. ಮತ್ತ ಹಾಡು. ಮತ್ತ ಪ್ರಶ್ನೆ: "ನಿನಗೇನು ಇಷ್ಟ?" ಆಗ ನಮ್ಮ ಕೂಸು ಹೇಳಿದ್ದು, "ನಂಗ ಹಸಿವಾಗೈತಿ."

ಮೊಲ ಹೇಳಿದ್ದು, "ಶಭಾಷ್! ನನಗೂ ಅದೇ ಇಷ್ಟ!"

ನೀವೆಲ್ಲ ನಕ್ಕಿದ್ದು ಅಲ್ಲೇ. ನಾನು ನಕ್ಕಿದ್ದೂ ಅಲ್ಲೇ. ವಿಡಿಯೋ ಅಲುಗಾಡಿದ್ದು ನನ್ನ ನಗುವಿಗೇ.

ಹತ್ತನೇ ಸಲ ನೋಡುವಾಗ ನನಗ ತಿಳೀತು. ಕೂಸು ಹಸಿವು ಅಂತೈತಿ. ಅದರ ಮುಂದ ಎರಡು ಫೋನು ಅದಾವು. ಒಂದು ಶಭಾಷ್ ಅಂದಿತು, ಇನ್ನೊಂದು ರೆಕಾರ್ಡ್ ಮಾಡಿತು. ಎದ್ದು ಹೋಗಿ ರೊಟ್ಟಿ ತಂದವರು ಯಾರೂ ಇಲ್ಲ.

ಭಾಗ 2/8

ಅದೇ ವಾರ ಕಾಲೇಜಿನಾಗ ಮಾರ್ಕೆಟಿಂಗ್ ಸೆಮಿನಾರ್ ಇತ್ತು. "ಮಾರುಕಟ್ಟೆಯಲ್ಲಿ ಸೋತ ಒಂದು ಸರಕು" ಅಂತ ವಿಷಯ. ನಾನು ಹುಡುಕ್ಕೊಂತ ಹೋಗಿ ಸಿಕ್ಕಿದ್ದು ಒಂದು ಅಮೆರಿಕನ್ ಸಿನಿಮಾ: "ದಿ ಊಗಿಲವ್ಸ್ ಇನ್ ದ ಬಿಗ್ ಬಲೂನ್ ಅಡ್ವೆಂಚರ್". 2012ರ ಆಗಸ್ಟ್ 29ಕ್ಕೆ ಬಂತು. ಶಾಲೆಗೆ ಇನ್ನೂ ಹೋಗದ ಮಕ್ಕಳಿಗೆ ಅಂತಲೇ ಮಾಡಿದ ಹಾಡಿನ ಸಿನಿಮಾ. ಮೂರು ಬಣ್ಣದ ಗೊಂಬಿಗಳು ಐದು ಬಲೂನು ಹುಡುಕೋ ಕತಿ.

ವಿಶೇಷ ಏನಂದ್ರ, ಇದರಾಗ ಮಕ್ಕಳು ಸುಮ್ಮನ ಕುಂದ್ರಬೇಕಾಗಿಲ್ಲ. ಪರದಿ ಮ್ಯಾಲ ಚಿಟ್ಟೆ ಹಾರಿದ್ರ ಎದ್ದು ಕುಣೀಬೇಕು. ಆಮೆ ನಡಕೊಂತ ಬಂದ್ರ ಕುಂದ್ರಬೇಕು. ಇದನ್ನ ಮಾಡಿಸಿದ ಕೆನ್ ವಿಸೆಲ್‌ಮನ್ ಅನ್ನೋರು "ಟೆಲಿಟಬ್ಬೀಸ್" ಅನ್ನ ಅಮೆರಿಕದಾಗ ಮಾರಿದವರು. ಥಿಯೇಟರಿನಾಗ ಜನ ಪರದಿ ಜೋಡಿ ಮಾತಾಡೋದನ್ನ ನೋಡಿ ಅವರಿಗೆ ಈ ಐಡಿಯಾ ಹೊಳೀತಂತ.

ಈಗ ಲೆಕ್ಕ ನೋಡ್ರಿ. ತಯಾರಿಗೆ ಸುಮಾರು 2 ಕೋಟಿ ಡಾಲರ್. ಬಿಡುಗಡೆ ಆಗಿದ್ದು 2,100ಕ್ಕೂ ಹೆಚ್ಚು ಥಿಯೇಟರಿನಾಗ. ಮೊದಲ ವೀಕೆಂಡಿನ ಗಳಿಕೆ ಸುಮಾರು 4.4 ಲಕ್ಷ ಡಾಲರ್. ಭಾಗಿಸಿದ್ರ ಒಂದು ಥಿಯೇಟರಿಗೆ ಇನ್ನೂರು ಡಾಲರಿನ ಆಸುಪಾಸು, ಅದೂ ಮೂರು ದಿನಕ್ಕೆ! ಅಷ್ಟು ದೊಡ್ಡದಾಗಿ ಬಿಡುಗಡೆಯಾದ ಸಿನಿಮಾಗಳಾಗ ಅತಿ ಕೆಟ್ಟ ಆರಂಭಗಳ ಪೈಕಿ ಇದೂ ಒಂದು.

ಸೆಮಿನಾರಿನಾಗ ಎಲ್ಲಾರೂ ಬಿದ್ದು ಬಿದ್ದು ನಕ್ಕಿದ್ರಿ. ಖಾಲಿ ಥಿಯೇಟರು, ಪರದಿ ಮ್ಯಾಲ ಚಿಟ್ಟೆ, ಕುಣಿಯಾಕ ಒಂದು ಕೂಸೂ ಇಲ್ಲ. ನನಗ ಅವತ್ತು ನಗು ಬರಲಿಲ್ಲ. ಕಣ್ಣಮುಂದ ನಮ್ಮ ಕಟ್ಟಿ ಮ್ಯಾಲಿನ ಮೊಲ ಬಂತು. ಆ ಸಿನಿಮಾ ಖಾಲಿ ಥಿಯೇಟರಿಗೂ "ಎದ್ದು ಕುಣಿ" ಅಂತ ಹೇಳಿತು. ಕೂಸು ಅದಾವೋ ಇಲ್ಲೋ, ಅದಕ್ಕ ಗೊತ್ತೇ ಇಲ್ಲ.

ಭಾಗ 3/8

ಸಿನಿಮಾ ಮಾಡಿದವರ ಅರ್ಧ ಮಾತು ಖರೇನ ಐತಿ. ಮೂರು ವರ್ಷದ ಕೂಸು ಎರಡು ತಾಸು ಸುಮ್ಮನ ಕುಂದ್ರಾಕ ಹುಟ್ಟಿಲ್ಲ. ಹಾಡು ಕೇಳಿದ್ರ ಅದರ ಕಾಲು ತಾನೇ ಎದ್ದು ನಿಲ್ತೈತಿ. ಅದನ್ನ ತಪ್ಪು ಅನ್ನದೆ, "ಕುಣಿ" ಅಂದ ಸಿನಿಮಾ ಅದು. ಅಷ್ಟಕ್ಕ ನಾನು ಶರಣು ಅಂತೀನಿ.

ನನ್ನ ಜಗಳ ಇರೋದು "ಇಂಟರಾಕ್ಟಿವ್" ಅನ್ನೋ ಪದದ ಜೋಡಿ. ಈಗ ಮಕ್ಕಳ ಹಾಡು, ಆ್ಯಪು, ಕಾರ್ಟೂನು ಎಲ್ಲದರ ಮ್ಯಾಲೂ ಆ ಪದ ಅಂಟಿಸ್ತಾರ. ಅರ್ಥ ಏನು? ನಾನು ಒಂದು ಹೇಳ್ತೀನಿ, ನೀನು ಒಂದು ಹೇಳ್ತಿ, ನೀ ಹೇಳಿದ್ದಕ್ಕ ನನ್ನ ಮುಂದಿನ ಮಾತು ಬದಲಾಗ್ತೈತಿ. ಅಂಗಡ್ಯಾಗ ರೇಟು ಜಗ್ಗಿದಂಗ. ನಾವು ಏನೇ ಅಂದ್ರೂ ಅಂಗಡಿಯವ ಒಂದೇ ಮಾತು ಹೇಳ್ತಿದ್ರ ಅದು ಚೌಕಾಶಿ ಅಲ್ಲ, ಬೋರ್ಡು.

ಈ ಆಟ ಹೊಸದೇನಲ್ಲ. 1953ರಾಗ ಅಮೆರಿಕದ ಟಿವಿಯಾಗ "ವಿಂಕಿ ಡಿಂಕ್ ಅಂಡ್ ಯು" ಅಂತ ಒಂದು ಕಾರ್ಯಕ್ರಮ ಇತ್ತು. 50 ಸೆಂಟಿಗೆ ಒಂದು ಕಿಟ್ ಮಾರಿದ್ರು: ಟಿವಿ ಗಾಜಿಗೆ ಅಂಟಿಸೋ ಪ್ಲಾಸ್ಟಿಕ್ ಹಾಳಿ, ಬಣ್ಣದ ಕ್ರೆಯಾನು. ಕತಿಯಾಗ ಹುಡುಗ ಹಳ್ಳದ ದಂಡಿಗೆ ಬಂದಾಗ ಮಕ್ಕಳು ಗಾಜಿನ ಮ್ಯಾಲ ಸೇತುವೆ ಬರೀಬೇಕು. ಕಿಟ್ ಕೊಳ್ಳಾಕ ಆಗದ ಮನಿ ಮಕ್ಕಳು ನೇರ ಟಿವಿ ಗಾಜಿನ ಮ್ಯಾಲ ಗೀಚಿದ್ರಂತ. ಕೂಸು ಗೆರಿ ಎಳೆದ್ರೂ ಹುಡುಗ ಹಳ್ಳ ದಾಟಿದ, ಎಳೀದಿದ್ರೂ ದಾಟಿದ.

1996ರ "ಬ್ಲೂಸ್ ಕ್ಲೂಸ್" ಇನ್ನೂ ಜಾಣತನದಿಂದ ಮಾಡಿದ್ದು. ಪ್ರಶ್ನೆ ಕೇಳಿ ಕೂಸಿಗೆ ಯೋಚನೆ ಮಾಡಾಕ ಟೈಮು ಬಿಡ್ತಿದ್ರು, ವಾರದ ಐದೂ ದಿನ ಅದೇ ಸಂಚಿಕೆ ಹಾಕ್ತಿದ್ರು. ಮಕ್ಕಳು ದಿನದಿಂದ ದಿನಕ್ಕ ಹೆಚ್ಚು ಉತ್ತರ ಕೂಗಿದ್ವು. ಒಳ್ಳೆ ಕೆಲಸವೇ, ಒಪ್ಪಿದೆ. ಆದ್ರ ಅಲ್ಲೂ ಆ ಉತ್ತರ ಕೇಳಿಸಿಕೊಂಡವರು ಇದ್ರ, ಮನಿಯಾಗ ಕೂಸಿನ ಬಾಜೂಕ ಕುಂತವರು ಮಾತ್ರ.

ಭಾಗ 4/8

"ಲೇ, ನೀ ಅತಿ ಮಾಡಬ್ಯಾಡ, ಹಾಡು ಕೇಳಿ ಕೂಸು ಕಲೀತೈತಿ ಬಿಡು" ಅಂತ ಒಬ್ಬ ಗೆಳೆಯ ಅಂದ. ಅವನಿಗೆ ಹೇಳಿದ್ದನ್ನ ನಿಮಗೂ ಹೇಳ್ತೀನಿ.

ಪೆಟ್ರಿಷಿಯಾ ಕುಲ್ ಅಂತ ಅಮೆರಿಕದ ವಿಜ್ಞಾನಿ. 2003ರಾಗ ಅವರ ತಂಡ ಒಂದು ಪ್ರಯೋಗ ಪ್ರಕಟಿಸಿತು. ಇಂಗ್ಲಿಷ್ ಮಾತಾಡೋ ಮನಿಗಳ ಒಂಬತ್ತು ತಿಂಗಳ ಕೂಸುಗಳು. ಕೆಲವಕ್ಕ ಚೀನಿ ಭಾಷೆ ಆಡೋರು ಎದುರಿಗೇ ಕುಂತು ಪುಸ್ತಕ ತೋರಿಸಿ, ಆಟ ಆಡಿಸಿ ಮಾತಾಡಿದ್ರು. ಇನ್ನು ಕೆಲವಕ್ಕ ಅದೇ ಜನ, ಅದೇ ಮಾತು, ಆದ್ರ ಡಿವಿಡಿಯಾಗ. ಎರಡಕ್ಕೂ ಹನ್ನೆರಡು ಸಲ. ಎದುರಿಗೆ ಮನುಷ್ಯರಿದ್ದ ಕೂಸುಗಳು ಚೀನಿ ಭಾಷೆಯ ಸಪ್ಪಳ ಗುರುತು ಹಿಡಿದ್ವು. ಡಿವಿಡಿ ನೋಡಿದ ಕೂಸುಗಳು ಚೀನಿ ಭಾಷೆ ಕೇಳದ ಕೂಸುಗಳಷ್ಟೇ ಇದ್ದವು.

ಈಗ ನೀವು "ಹಂಗಾದ್ರ ಗಾಜೇ ವಿಷ" ಅನ್ನಬಹುದು. ನಾನು ಹಂಗ ಹೇಳಲ್ಲ, ಯಾಕಂದ್ರ ನಮ್ಮ ಮನಿಯಾಗ ಇನ್ನೊಂದು ಗಾಜು ಐತಿ. ನಮ್ಮ ಮಾವ, ಅಂದ್ರ ಕೂಸಿನ ಅಪ್ಪ, ಬೆಂಗಳೂರಿನಾಗ ಕಟ್ಟಡ ಕೆಲಸಕ್ಕ ಅದಾನ. ನಮ್ಮ ದೇವದುರ್ಗ ಕಡೆ ಎಷ್ಟು ಮನಿ ಹಂಗ ಅದಾವು ನಿಮಗ ಗೊತ್ತು. ರಾತ್ರಿ ವಿಡಿಯೋ ಕಾಲ್ ಮಾಡ್ತಾನ. ಕೂಸು "ಹಸಿವಾಗೈತಿ" ಅಂದ್ರ "ಏನು ಉಂಡಿ? ಅವ್ವನ ಕರಿ" ಅಂತಾನ. ಕೂಸು ಕೈ ತೋರಿಸಿದ್ರ "ಏನಾತು, ಬಿದ್ಯಾ?" ಅಂತಾನ. ಅದೂ ಅದೇ ಫೋನು, ಅದೇ ಗಾಜು.

ಇದಕ್ಕೂ ಪ್ರಯೋಗ ಐತಿ. 2014ರಾಗ ಸಾರಾ ರೋಸ್‌ಬೆರಿ ಮತ್ತು ಜೊತೆಗಾರರು ಎರಡು ವರ್ಷ ದಾಟಿದ ಮಕ್ಕಳಿಗೆ ಹೊಸ ಪದ ಕಲಿಸಿ ನೋಡಿದ್ರು. ಎದುರಿಗೆ ಕಲಿಸಿದಾಗ ಕಲಿತ್ವು. ವಿಡಿಯೋ ಕಾಲಿನಾಗ, ಆ ಕಡೆಯವರು ಕೂಸಿಗೆ ತಕ್ಕಂಗ ಮಾತಾಡಿದಾಗಲೂ ಕಲಿತ್ವು. ಮೊದಲೇ ರೆಕಾರ್ಡ್ ಮಾಡಿದ ವಿಡಿಯೋದಿಂದ ಕಲೀಲಿಲ್ಲ.

ಪ್ರಶ್ನೆ ಗಾಜಿಂದಲ್ಲ. ಗಾಜಿನ ಆ ಕಡೆ ಕಿವಿ ಐತೋ ಇಲ್ಲೋ ಅನ್ನೋದು.

ಭಾಗ 5/8

"ಹಳ್ಳಿ ಮಕ್ಕಳಿಗೆ ಇದಾದ್ರೂ ಸಿಗಲಿ ಬಿಡು." ಈ ಮಾತು ನನ್ನ ಮೈ ಉರಿಸ್ತೈತಿ. "ಇದಾದ್ರೂ" ಅಂದ್ರ ಏನ್ರಿ? ನಮ್ಮ ಊರಾಗ ಹಾಡು, ಕುಣಿತ ಇಲ್ಲೇ ಇಲ್ಲ ಅಂತನಾ?

ನಮ್ಮ ರಾಯಚೂರು ಜಿಲ್ಲಾದಾಗ ಮೊಹರಂ ಹೆಂಗ ನಡೀತೈತಿ ಅಂತ ನಿಮಗ ನಾನು ಹೇಳಬೇಕಾ? ಮುದಗಲ್ಲಿಗೆ ಹೋಗಿ ನೋಡಿದವರು ನಿಮ್ಮಾಗೇ ಅದೀರಿ. ಅಲಾಯಿ ಕುಣಿ ಸುತ್ತ ಹಲಗಿ ಸಪ್ಪಳಕ್ಕ ಹಿಂದೂ, ಮುಸ್ಲಿಂ ಅನ್ನದೆ ಊರಿಗೂರೇ ಹೆಜ್ಜಿ ಹಾಕುವಾಗ, ಕಾಲಾಗ ಕಾಲು ಹಾಕ್ಕೊಂತ ಎರಡು ವರ್ಷದ ಕೂಸುಗಳೂ ಕುಣೀತಾವು. ಅವಕ್ಕ ಚಿಟ್ಟೆ ಹಾರಿಸಿ ಹೇಳಿದವರು ಯಾರು? ಹಲಗಿ ನಿಂತಾಗ ಆಮೆ ಬಂದಿತ್ತಾ? ದೊಡ್ಡವರ ಕಾಲು ನೋಡಿದ್ವು, ಕುಣಿದ್ವು. ಕೂಸು ಬಿದ್ರ ಹಿಂದಿನವರು ಎತ್ತಿ ಹೆಗಲ ಮ್ಯಾಲ ಕುಂದ್ರಿಸಿಕೊಂಡ್ರು.

ಭಾಷೆದೂ ಹಂಗೇ. ಫೋನಿನ ಹಾಡು ಕನ್ನಡದಾಗೇ ಇದ್ರೂ "ಕುಳಿತುಕೋ" ಅಂತೈತಿ. ನಮ್ಮ ಕೂಸಿಗೆ ಗೊತ್ತಿರೋದು "ಕುಂದ್ರು". ಅದು "ಕಾಗಿ" ಅಂದ್ರ, ಅಂಗನವಾಡಿ ಅಕ್ಕೋರು ನಕ್ಕೊಂತ "ಹೌದವ್ವಾ ಕಾಗಿ, ಪುಸ್ತಕದಾಗ ಕಾಗೆ ಅಂತಾರ" ಅಂತ ಎರಡನ್ನೂ ಜೋಡಿಸಿ ಹೇಳ್ತಾರ. ಫೋನು ಕೂಸಿನ ಮಾತನ್ನ ತಿದ್ದಂಗೂ ಇಲ್ಲ, ಒಪ್ಪಂಗೂ ಇಲ್ಲ.

ಕನ್ನಡ ಶಿಶುಗೀತೆ ಫೋನಿನಾಗ ಬರಬಾರದು ಅಂತ ನಾನು ಹೇಳ್ತಿಲ್ಲ, ಬರಲಿ. ಕೊರಿಯಾದ "ಬೇಬಿ ಶಾರ್ಕ್" 2022ರ ಜನವರಿಯಾಗ ಯೂಟ್ಯೂಬಿನಾಗ 1,000 ಕೋಟಿ ವ್ಯೂಸ್ ದಾಟಿದ ಮೊದಲ ವಿಡಿಯೋ ಆಯ್ತು. ಅದರ ಎದುರಿಗೆ ಜಿ. ಪಿ. ರಾಜರತ್ನಂ ಅವರ ತುತ್ತೂರಿ ಪದ್ಯವೂ ಕೇಳಲಿ. ಆದ್ರ ನಾವು ಆ ಪದ್ಯ ಹೆಂಗ ಕಲಿತ್ವಿ ನೆನಪು ಮಾಡಿಕೊಳ್ರಿ. ಅಕ್ಕೋರು ಬಾಯಿ ಮುಂದ ಮುಷ್ಟಿ ಹಿಡಿದು ಊದಿದ್ರು. ನಾವು ಊದಿದ್ವಿ. ಯಾರು ಊದಲಿಲ್ಲ, ಮೂಲ್ಯಾಗ ಯಾರು ಅಳ್ಕೊಂತ ಕುಂತಾರ ಅಂತ ಅವರಿಗೆ ಕಾಣಿಸ್ತಿತ್ತು.

ಭಾಗ 6/8

ಇಲ್ಲಿ ನನ್ನ ಮನಿ ಲೆಕ್ಕ ಬರ್ತೈತಿ. ನಮ್ಮವ್ವ ಅಂಗನವಾಡಿ ಸಹಾಯಕಿ. ಕಸ ಹೊಡೆಯೋದು, ಅಡಿಗಿ ಮಾಡೋದು, ಕೂಸುಗಳನ್ನ ಮನಿಯಿಂದ ಕರ್ಕೊಂಡು ಬರೋದು, ಬಿಡೋದು. ಅಕ್ಕೋರು ಮೀಟಿಂಗಿಗೋ ಸರ್ವೆಗೋ ಹೋದ್ರ ಹಾಡು ಹೇಳಿ ಕುಣಿಸೋದೂ ಅವ್ವನೇ. ನಮ್ಮೂರಾಗ ಖರೇ "ಇಂಟರಾಕ್ಟಿವ್ ಮ್ಯೂಸಿಕಲ್" ನಡೆಯೋದು ಆ ಒಂದು ಖೋಲ್ಯಾಗ.

ಐಸಿಡಿಎಸ್ ಯೋಜನೆ ಶುರು ಆಗಿದ್ದು 1975ರ ಅಕ್ಟೋಬರ್ 2ಕ್ಕೆ, ದೇಶದ 33 ಕಡೆ. ಕರ್ನಾಟಕದಾಗ ಮೊದಲು ತಿ. ನರಸೀಪುರದಾಗ. ಅದರ ಆರು ಸೇವೆಯಾಗ ಶಾಲಾಪೂರ್ವ ಶಿಕ್ಷಣ ಒಂದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರು ವರ್ಷದಿಂದಲೇ ಕಲಿಕೆಯ ಮೊದಲ ಹಂತ ಅಂತು. ಆದ್ರ ನಾವು ಅಂಗನವಾಡಿ ಅಂದ್ರ ಏನು ಅಂತೀವಿ? "ತತ್ತಿ ಕೊಡ್ತಾರಲ್ಲ ಅದು." "ಉಪ್ಪಿಟ್ಟು ಶಾಲೆ."

ಕೇಂದ್ರ ಸರಕಾರ 2018ರಾಗ ತನ್ನ ಪಾಲಿನ ಗೌರವಧನ ಹೆಚ್ಚಿಸಿತು: ಕಾರ್ಯಕರ್ತೆಗೆ ತಿಂಗಳಿಗೆ 3,000ದಿಂದ 4,500 ರೂಪಾಯಿ, ಸಹಾಯಕಿಗೆ 1,500ರಿಂದ 2,250. ರಾಜ್ಯ ಇದರ ಮ್ಯಾಲ ತನ್ನ ಪಾಲು ಸೇರಿಸ್ತೈತಿ, ಹೌದು. ಆದ್ರ ಬಿಕಾಂ ಓದೋರು ನೀವು, ಆ ಪದ ನೋಡ್ರಿ: ಗೌರವಧನ. ಸಂಬಳ ಅನ್ನಂಗಿಲ್ಲ. ಸಂಬಳ ಅಂದ್ರ ಹಕ್ಕು ಕೇಳ್ತಾರಲ್ಲ!

2022ರ ಏಪ್ರಿಲ್ 25ಕ್ಕೆ ಸುಪ್ರೀಂ ಕೋರ್ಟು, 1972ರ ಗ್ರಾಚ್ಯುಟಿ ಕಾಯ್ದೆ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಅನ್ವಯ ಆಗ್ತೈತಿ ಅಂತ ತೀರ್ಪು ಕೊಟ್ಟಿತು. ಅಲ್ಲಿ ನಡೆಯೋ ಶಾಲಾಪೂರ್ವ ಕೆಲಸ ಶಿಕ್ಷಣದ ಕೆಲಸವೇ ಅಂತನೂ ಹೇಳಿತು. ಕೋರ್ಟಿಗೆ ಶಾಲೆ ಅಂತ ಕಂಡಿದ್ದು, ಎದುರು ಮನಿಯವರಾದ ನಮಗ ಉಪ್ಪಿಟ್ಟಾಗಿ ಕಾಣ್ತೈತಿ.

2024ರಾಗ ನಮ್ಮ ಕಲ್ಯಾಣ ಕರ್ನಾಟಕದ ಸರಕಾರಿ ಶಾಲೆಗಳಾಗ ಎಲ್‌ಕೆಜಿ, ಯುಕೆಜಿ ಶುರು ಮಾಡ್ತೀವಿ ಅಂದಾಗ ಅಂಗನವಾಡಿಯವರು ಬೀದಿಗಿಳಿದ್ರು. "ನಮ್ಮ ಖೋಲಿನೇ ಸುಧಾರಿಸ್ರಿ" ಅನ್ನೋದು ಅವರ ಮಾತಾಗಿತ್ತು. ನಾವೆಷ್ಟು ಮಂದಿ ಒಂದು ಸ್ಟೋರಿ ಹಾಕಿದ್ವಿ? ನಾನು ಹಾಕಿಲ್ಲ. ನಮ್ಮವ್ವನ ವಿಷಯಕ್ಕೇ ಹಾಕಿಲ್ಲ.

ಭಾಗ 7/8

ಈಗ ಒಂದು ಮಾತು ಸ್ಪಷ್ಟ ಇರಲಿ. ನನ್ನ ಸಿಟ್ಟು ತಾಯಂದಿರ ಮ್ಯಾಲ ಅಲ್ಲ.

ನಮ್ಮಕ್ಕ ಹತ್ತಿ ಬಿಡಿಸಾಕ ಹೋಗ್ತಾಳ. ಬಂದು ನೀರು ತರಬೇಕು, ರೊಟ್ಟಿ ಬಡೀಬೇಕು. ಆ ಹೊತ್ತಿನಾಗ ಕೂಸು ಒಲಿ ಹತ್ರ ಬರಬಾರದು ಅಂತ ಫೋನು ಕೊಡ್ತಾಳ. "ಸ್ಕ್ರೀನ್ ಟೈಮ್ ಕಡಿಮಿ ಮಾಡ್ರಿ" ಅಂತ ಪಟ್ಟಣದ ಸೋಫಾದ ಮ್ಯಾಲ ಕುಂತು ಉಪದೇಶ ಮಾಡೋರ ಸಾಲಿನಾಗ ನನ್ನ ಸೇರಿಸಬ್ಯಾಡ್ರಿ. ವಿಶ್ವ ಆರೋಗ್ಯ ಸಂಸ್ಥೆ 2019ರಾಗ ಹೇಳೈತಿ: ಎರಡರಿಂದ ನಾಕು ವರ್ಷದ ಮಕ್ಕಳು ಕುಂತು ಪರದಿ ನೋಡೋದು ದಿನಕ್ಕ ಒಂದು ತಾಸು ದಾಟಬಾರದು, ಕಡಿಮಿ ಆದಷ್ಟೂ ಒಳ್ಳೇದು. ಮೂರು, ನಾಕು ವರ್ಷದವು ದಿನಕ್ಕ ಮೂರು ತಾಸಾದ್ರೂ ಓಡಾಡಿ ಆಡಬೇಕು. ಸರಿ. ಆ ಮೂರು ತಾಸು ಕೂಸಿನ ಹಿಂದ ಓಡೋರು ಯಾರು? ಹೊಲದಿಂದ ಬಂದ ಅಕ್ಕನಾ?

ಮನಿಯಾಗ ಆ ಹೊತ್ತಿಗೆ ಖಾಲಿ ಇರೋದು ನಾನು. ಇಪ್ಪತ್ತು ವರ್ಷದ ಗಂಡು ಹುಡುಗ, ರಾಯಚೂರಿನಿಂದ ಬಸ್ಸಿಳಿದು ಬಂದು ಚಾ ಕುಡಿದು, ಕಟ್ಟಿಗೆ ಒರಗಿ ರೀಲ್ ನೋಡೋನು. ಅದೇ ಕಟ್ಟಿ ಮ್ಯಾಲ ಕೂಸು ತನ್ನ ರೀಲ್ ನೋಡ್ತೈತಿ. ಇಬ್ಬರ ನಡುವ ಎರಡು ಮೊಳ ಜಾಗ. ಅವತ್ತು ಕೂಸಿನ ಹಸಿವು ಕೇಳಿಸಿದ್ದು ನನಗ. ರೊಟ್ಟಿ ಬುಟ್ಟಿ ಒಳಗೇ ಇತ್ತು. ನಾನು ಎದ್ದಿಲ್ಲ, ಕ್ಯಾಮೆರಾ ಆನ್ ಮಾಡಿದೆ.

ಹಂಗಾಗಿ ಈ ಜಗಳ ನನ್ನ ಜೋಡಿ, ನಿಮ್ಮ ಜೋಡಿ. ಮೊಲಕ್ಕ ಕಿವಿ ಇಲ್ಲ ಅಂತ ಮೊಲ ಮಾಡಿದವರಿಗೂ ಗೊತ್ತು. ಕಿವಿ ಇದ್ದ ನಾವು ಏನು ಮಾಡ್ತಿದ್ವಿ? "ಕೂಸು ಫೋನಿಲ್ದ ಉಣ್ಣಂಗಿಲ್ಲ" ಅಂತ ಅಕ್ಕಂದಿರಿಗೆ ಬೈತೀವಲ್ಲ, ನಾವು ಫೋನಿಲ್ದ ಯಾವಾಗ ಉಂಡೀವಿ?

ಭಾಗ 8/8

ಬರೇ ಬೈದು ಹೋಗೋದು ಸರಿ ಅಲ್ಲ. ನಾನು ಮಾಡಾಕ ಹತ್ತಿದ್ದು ನಾಕು ಕೆಲಸ ಹೇಳ್ತೀನಿ. ನಿಮ್ಮ ಕೈಲಾದದ್ದು ತಗೊಳ್ರಿ.

ಒಂದು. ಮಕ್ಕಳ ಹಾಡು ಹಚ್ಚೋದಾದ್ರ ಬಾಜೂಕ ಕುಂದ್ರೋದು. ಮೊಲ ಪ್ರಶ್ನೆ ಕೇಳಿದ ಕೂಡಲೇ ವಿಡಿಯೋ ನಿಲ್ಲಿಸ್ತೀನಿ. ಕೂಸು ಪೂರ್ತಿ ಹೇಳಿ ಮುಗಿಸೋತನಕ ಕಾಯ್ತೀನಿ. ಉತ್ತರ ನಾನು ಕೊಡ್ತೀನಿ. ಹತ್ತು ನಿಮಿಷದ ವಿಡಿಯೋ ಅರ್ಧ ತಾಸು ಆಗ್ತೈತಿ. ಎಷ್ಟೋ ಸಲ ಮುಗಿಯೋದೇ ಇಲ್ಲ, ನಡುವೇ ಎದ್ದು ಇಬ್ಬರೂ ಕೋಳಿ ಹಿಂದ ಓಡ್ತೀವಿ.

ಎರಡು. ಕೂಸಿನ ವಿಡಿಯೋ ಹಾಕೋದು ಬಂದ್. ಅದರ ಹಸಿವು, ಅಳು, ತೊದಲು ನಮ್ಮ ವ್ಯೂಸಿಗೆ ಸರಕಲ್ಲ.

ಮೂರು. ಕಾಲೇಜು ರಜೆ ಇದ್ದ ದಿನ ಅಕ್ಕೋರನ್ನ ಕೇಳಿ ಒಂದು ತಾಸು ಅಂಗನವಾಡಿಗೆ ಹೋಗೋದು. ಮೊದಲ ದಿನ ನನಗ ಕುಣಿಯಾಕ ನಾಚಿಕಿ ಆಯ್ತು. ಕೂಸುಗಳಿಗೆ ಆಗಲಿಲ್ಲ. "ಮಾಮಾ, ಹಂಗಲ್ಲ, ಹಿಂಗ" ಅಂತ ಕೈ ಹಿಡಿದು ಕಲಿಸಿದ್ವು. ಯಾವ ಚಿಟ್ಟೆ, ಯಾವ ಆಮೆ ನನಗ "ಹಂಗಲ್ಲ" ಅಂತಿತ್ತು?

ನಾಕು. ಗ್ರಾಮಸಭೆ ಆದಾಗ ಹೋಗಿ ನಿಂತು ಕೇಳೋದು. ಅಂಗನವಾಡಿಗೆ ಆಡಾಕ ಬಯಲು ಐತಾ, ಸುಣ್ಣ ಬಣ್ಣ ಆಗೈತಾ, ಒಂದು ಹಲಗಿ, ಒಂದು ಜೋಡಿ ತಾಳ ಕೊಡಿಸಾಕ ಆಗ್ತೈತಾ? ನಾವು ಓದಿದ ಹುಡುಗರು ಗ್ರಾಮಸಭೆಗೆ ಹೋಗೋದೇ ಇಲ್ಲ. ಹೋಗಿ ಸಿಸಿ ರಸ್ತೆ ಕೇಳೋರು ಅದಾರ, ತಾಳ ಕೇಳೋರು ಇಲ್ಲ.

ನಿಮ್ಮಾಗ ಯಾರಾದ್ರೂ ಮುಂದ ಸಿನಿಮಾ, ಆ್ಯಪು, ಅನಿಮೇಶನ್ ಮಾಡಬೇಕು ಅಂದ್ಕೊಂಡಿದ್ರ ಖಂಡಿತ ಮಾಡ್ರಿ, ನಮ್ಮ ಕಡೆ ಕನ್ನಡದಾಗೇ ಮಾಡ್ರಿ. ಆದ್ರ ಒಂದು ಕಡೆಯಾದ್ರೂ ಮೊಲದ ಬಾಯಾಗ ಈ ಮಾತು ಇಡ್ರಿ: "ನನಗ ಕೇಳಿಸಂಗಿಲ್ಲ, ಬಾಜೂಕ ಇರೋರಿಗೆ ಹೇಳು."

ನಿನ್ನೆ ಸಂಜೀಕ ಕೂಸು ಫೋನು ಬಿಟ್ಟು ಬಂದು ನನ್ನ ಅಂಗಿ ಜಗ್ಗಿತು. "ಮಾಮಾ, ಹಸಿವು." ಒಳಗ ಹೋಗಿ ಅರ್ಧ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ತಂದೆ. ಇದರ ಫೋಟೋ ಇಲ್ಲ. ಮ್ಯಾಲಿನ ಫೋಟೋದಾಗ ಕಾಣೋದು ಖಾಲಿ ಕಟ್ಟಿ ಅಷ್ಟೇ.

ನಿಮ್ಮೂರ ಅಂಗನವಾಡಿಯಾಗ ಈಗ ಯಾವ ಹಾಡು ಹೇಳ್ತಾರ? ಇಮೋಜಿ ಬ್ಯಾಡ. ಹೋಗಿ ಕೇಳ್ಕೊಂಡು ಬಂದು ಬರೀರಿ. ನಾನು ಕಾಯ್ತೀನಿ.

#ಮಸರಕಲ್ #ದೇವದುರ್ಗ #ರಾಯಚೂರು #ಅಂಗನವಾಡಿ #ಕೂಸಿನಮಾತು